ಬೇಸ್ ಗಿಟಾರಿನಲ್ಲಿ ಡ್ರಾಪ್ ಟ್ಯೂನಿಂಗ್: ಇಳಿಸುವ ಮೊದಲು, ಇಳಿಸಿದ ಮೇಲೆ

ರಿಹರ್ಸಲ್ ರೂಮಿನಲ್ಲಿ ಗಿಟಾರ್ ನುಡಿಸುವ ಗೆಳೆಯ ಕೇಬಲ್ ಸಿಕ್ಕಿಸುತ್ತಲೇ ಹೇಳಿದ: "ಈ ಹಾಡು ಡ್ರಾಪ್ ಡಿ, ಮಗಾ." ಅಂದರೆ ಬೇಸಿನ ತೀರಾ ದಪ್ಪದ ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸಬೇಕು. ನಾನು ಅದರ ಬಿರಡೆ ತಿರುಗಿಸಿದೆ. ಟ್ಯೂನರಿನಲ್ಲಿ ಡಿ ಬಂತು, ಹಸಿರು ದೀಪ ಹತ್ತಿತು. ಡ್ರಮ್ಮರ್ ನಾಲ್ಕು ಎಣಿಸಿದ. ಮೊದಲ ಸ್ವರಕ್ಕೇ ತಂತಿ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ, ಅಂದರೆ ಫ್ರೆಟ್ಟುಗಳಿಗೆ ಬಡಿದು ಟರ್ರ್ ಅಂತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಶ್ರುತಿ ಆಗಲೇ ಜಾರಿತ್ತು. ಆಮೇಲೆ ರೆಕಾರ್ಡಿಂಗ್ ಕೇಳಿದರೆ, ಬೇಸ್ ಇರಬೇಕಾದ ಕಡೆ ಬರೀ ಗುಂಯ್ ಅನ್ನುವ ಸದ್ದು. ಯಾವ ಸ್ವರ ಅಂತ ನನಗೇ ಗೊತ್ತಾಗಲಿಲ್ಲ.

ಅವತ್ತಿನಿಂದ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಬಿರಡೆ ತಿರುಗಿಸುವುದು ಹತ್ತು ಸೆಕೆಂಡಿನ ಕೆಲಸ. ಆದರೆ ಆ ಹತ್ತು ಸೆಕೆಂಡಿನಲ್ಲಿ ತಂತಿಯ ಬಿಗಿ ಬದಲಾಗುತ್ತದೆ, ಕತ್ತಿನ ಮೇಲಿನ ಭಾರ ಬದಲಾಗುತ್ತದೆ, ಫ್ರೆಟ್ ಬೋರ್ಡಿನ ನಕ್ಷೆ ಬದಲಾಗುತ್ತದೆ, ಆಂಪ್ ಕೇಳಿಸುವ ರೀತಿಯೂ ಬದಲಾಗುತ್ತದೆ. ಇವೆಲ್ಲ ಸರಿಹೋಗಲು ಒಂದು ವಾರ ಬೇಕು. ಆ ವಾರ ಕೊಡುವುದಕ್ಕೆ ತಯಾರಿದ್ದರೆ ಡ್ರಾಪ್ ಟ್ಯೂನಿಂಗ್ ತುಂಬಾ ಒಳ್ಳೆಯದು.

ಡ್ರಾಪ್ ಅಂದರೆ ನಿಜಕ್ಕೂ ಏನು

ನಾಲ್ಕು ತಂತಿಯ ಬೇಸ್ ಮಾಮೂಲಿಯಾಗಿ ದಪ್ಪದಿಂದ ಸಣ್ಣದಕ್ಕೆ ಇ, ಎ, ಡಿ, ಜಿ. ಹರ್ಟ್ಜ್ ಲೆಕ್ಕದಲ್ಲಿ ಸುಮಾರು 41, 55, 73, 98. ದಪ್ಪ ತಂತಿಯೊಂದನ್ನೇ ಎರಡು ಫ್ರೆಟ್ಟಿನಷ್ಟು ಕೆಳಗಿಳಿಸಿ ಡಿ ಮಾಡಿದರೆ ಅದು ಡ್ರಾಪ್ ಡಿ. ಈಗ ಆ ತಂತಿ ಸುಮಾರು 36.7 ಹರ್ಟ್ಜ್.

ನಾಲ್ಕೂ ತಂತಿಗಳನ್ನು ಸಮನಾಗಿ ಇಳಿಸುವುದು ಬೇರೆಯೇ ವಿಷಯ. ಅಲ್ಲಿ ಬೆರಳಿನ ಜಾಗ ಬದಲಾಗುವುದಿಲ್ಲ, ಇಡೀ ವಾದ್ಯ ಕೆಳಗೆ ಸರಿಯುತ್ತದೆ ಅಷ್ಟೆ. ಡ್ರಾಪ್‌ನಲ್ಲಿ ದಪ್ಪ ಎರಡು ತಂತಿಗಳ ನಡುವಿನ ಸಂಬಂಧವೇ ಬದಲಾಗುತ್ತದೆ. ಜನ ಎರಡನ್ನೂ ಒಂದೇ ಹೆಸರಿನಲ್ಲಿ ಕರೆದು ಗೊಂದಲ ಮಾಡಿಕೊಳ್ಳುತ್ತಾರೆ. "ಡ್ರಾಪ್ ಸಿ" ಅಂತ ಯಾರಾದರೂ ಹೇಳಿದರೆ ಒಂದು ಸಲ ಕೇಳಿಕೊಳ್ಳಿ: ಸಿ-ಜಿ-ಸಿ-ಎಫ್ ತಾನೇ? ಡ್ರಾಪ್ ಸಿ ಅಂದರೆ ನಾಲ್ಕನ್ನೂ ಎರಡು ಫ್ರೆಟ್ ಇಳಿಸಿ, ದಪ್ಪ ತಂತಿಯನ್ನು ಮತ್ತೆ ಎರಡು ಇಳಿಸುವುದು.

ಕೆಳಗಿಳಿಸುವ ಈ ಚಾಳಿ ಹೇಗೆ ಶುರುವಾಯಿತು ಅನ್ನುವುದಕ್ಕೆ ಒಂದು ಕಥೆ ನನಗೆ ಯಾವಾಗಲೂ ನೆನಪಾಗುತ್ತದೆ. ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ ಹದಿನೇಳನೇ ವಯಸ್ಸಿಗೆ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಬೆರಳ ತುದಿಗಳನ್ನು ಕಳೆದುಕೊಂಡರು. ಬಿಗಿ ತಂತಿ ಒತ್ತುವುದು ನೋವು. ತಂತಿ ಸಡಿಲವಾಗಿದ್ದರೆ ಸುಲಭ. 1971ರ ಆಲ್ಬಮ್‌ನ ಕೆಲವು ಹಾಡುಗಳಲ್ಲಿ ಅವರು ಮೂರು ಫ್ರೆಟ್ಟಿನಷ್ಟು ಇಳಿಸಿದರು, ಬೇಸ್ ನುಡಿಸುವ ಗೀಜರ್ ಬಟ್ಲರ್ ಕೂಡ ಜೊತೆಗೆ ಇಳಿದರು. ಅದು ಎಲ್ಲ ತಂತಿ ಇಳಿಸಿದ್ದು, ಡ್ರಾಪ್ ಅಲ್ಲ. ಆದರೂ ಆ ಭಾರದ ಸದ್ದು ಎಲ್ಲರ ಕಿವಿಯಲ್ಲಿ ಉಳಿಯಿತು. ರೇಜ್ ಎಗೇನ್ಸ್ಟ್ ದ ಮಷೀನ್‌ನ ಬೇಸಿಸ್ಟ್ ಟಿಮ್ ಕಾಮರ್ಫೋರ್ಡ್, ಟೂಲ್‌ನ ಜಸ್ಟಿನ್ ಚಾನ್ಸೆಲರ್ ನುಡಿಸಿದ್ದು ಮಾತ್ರ ನಿಜವಾದ ಡ್ರಾಪ್ ಡಿ. ಕಾರ್ನ್‌ನ ಫೀಲ್ಡಿ ಐದು ತಂತಿಯ ಬೇಸನ್ನೇ ಎ-ಡಿ-ಜಿ-ಸಿ-ಎಫ್ ಅಂತ ಇಳಿಸಿಕೊಂಡಿದ್ದರು.

ಹಂತ 1: ಬೇಕಾ, ಬೇಡ್ವಾ?

ಬೇಸ್ ನುಡಿಸುವವರಲ್ಲಿ ಈ ವಿಷಯಕ್ಕೆ ಮೂರು ಪಂಗಡ ನೋಡಿದ್ದೇನೆ.

ಮೊದಲ ಪಂಗಡ ಹೇಳುವುದು: ಗಿಟಾರ್ ಎಲ್ಲಿಗೆ ಹೋಗುತ್ತದೋ ಬೇಸೂ ಅಲ್ಲಿಗೇ ಹೋಗಬೇಕು. ರಿಫ್ (ಪದೇ ಪದೇ ಬರುವ ಸಣ್ಣ ಸ್ವರಸಾಲು) ಒಟ್ಟಿಗೆ ನುಡಿಸುವಾಗ ಗಿಟಾರಿನವನು ತೆರೆದ ತಂತಿ (ಫ್ರೆಟ್ ಒತ್ತದ ತಂತಿ) ಬಾರಿಸಿದರೆ ನಾವೂ ತೆರೆದ ತಂತಿಯೇ ಬಾರಿಸಬೇಕು, ಆಗಲೇ ಎರಡೂ ಒಂದಾಗಿ ಕೇಳುವುದು. ಎರಡನೇ ಪಂಗಡದವರ ಕೈಯಲ್ಲಿ ಐದು ತಂತಿ ಇದೆ. ಅವರ ಪ್ರಶ್ನೆ: ಬಿ ತಂತಿಯ ಮೂರನೇ ಫ್ರೆಟ್ಟಿನಲ್ಲೇ ಆ ಡಿ ಸಿಗುತ್ತದಲ್ಲ, ಬಿರಡೆ ಯಾಕೆ ಮುಟ್ಟಬೇಕು? ಮೂರನೆಯವರು ಏನನ್ನೂ ಬದಲಾಯಿಸದವರು. ಗಿಟಾರ್ ಕೆಳಗಿಳಿದರೂ ನಾಲ್ಕು ತಂತಿಯ ಬೇಸಿನ ಎ ತಂತಿಯ ಐದನೇ ಫ್ರೆಟ್ಟಿನ ಡಿ, ಗಿಟಾರಿನ ಇಳಿಸಿದ ಡಿ ಇರುವ ಸ್ಥಾಯಿಯಲ್ಲೇ ಇರುತ್ತದೆ. ಅದನ್ನು ನುಡಿಸಿದರೆ ಹಾಡಿಗೆ ಏನೂ ಕಡಿಮೆಯಾಗುವುದಿಲ್ಲ ಅನ್ನುತ್ತಾರೆ.

ಮೂವರ ಮಾತಿನಲ್ಲೂ ನಿಜವಿದೆ. ನನ್ನ ತೀರ್ಮಾನ ಇಷ್ಟು. ಹಾಡಿನ ಮುಖ್ಯ ರಿಫ್ ಕೆಳಗಿನ ಡಿ ಮೇಲೆಯೇ ನಿಂತಿದ್ದರೆ, ಆ ಸ್ವರ ಪದೇ ಪದೇ ತೆರೆದ ತಂತಿಯಲ್ಲಿ ಮೊಳಗಬೇಕಿದ್ದರೆ, ಇಳಿಸಿ. ಇಡೀ ಹಾಡಿನಲ್ಲಿ ಆ ಸ್ವರ ಎರಡು ಸಲ ಬರುವುದಾದರೆ ಬೇಡ, ಮೇಲಿನ ಡಿ ನುಡಿಸಿ. ಗಿಟಾರಿನವನು ಇಳಿಸಿದ ಅನ್ನುವುದೊಂದೇ ಕಾರಣ ಸಾಲದು. ಹಾಡು ಆ ಸ್ವರ ಕೇಳುತ್ತಿದೆಯಾ ಅಂತ ನೋಡಬೇಕು.

ಐದು ತಂತಿ ಇರುವವರಿಗೆ ಒಂದು ಮಾತು. ಬಿ ತಂತಿಯ ಮೂರನೇ ಫ್ರೆಟ್ಟಿನ ಡಿ ಮತ್ತು ಇಳಿಸಿದ ತೆರೆದ ಡಿ, ಸ್ವರ ಒಂದೇ ಆದರೂ ಬಣ್ಣ ಬೇರೆ. ದಪ್ಪ ತಂತಿಯನ್ನು ಒತ್ತಿ ಹಿಡಿದಾಗ ಸದ್ದು ಸ್ವಲ್ಪ ಮಂಕು. ತೆರೆದ ತಂತಿ ಗಂಟೆಯ ಹಾಗೆ ಉದ್ದಕ್ಕೆ ಮೊಳಗುತ್ತದೆ. ಆದರೆ ಐದು ತಂತಿಯಲ್ಲಿ ಡಿ ಮಾತ್ರವಲ್ಲ, ಡಿ ಫ್ಲಾಟ್, ಸಿ, ಬಿ ಎಲ್ಲವೂ ಸಿಗುತ್ತವೆ, ಯಾವ ಹಾಡಿಗೂ ಟ್ಯೂನಿಂಗ್ ಬದಲಿಸಬೇಕಾಗಿಲ್ಲ. ವಾರಕ್ಕೊಂದು ಹೊಸ ಬ್ಯಾಂಡಿನ ಜೊತೆ ನುಡಿಸುವವರಾದರೆ ಐದು ತಂತಿಯೇ ವಾಸಿ. ಒಂದೇ ಬ್ಯಾಂಡು, ಎಲ್ಲ ಹಾಡೂ ಡ್ರಾಪ್ ಡಿ ಅಂದರೆ ನಾಲ್ಕು ತಂತಿಯೇ ಸಾಕು.

ಹಂತ 2: ಎಷ್ಟು ಇಳಿಸುವುದು

ಡ್ರಾಪ್ ಡಿಯಿಂದ ಶುರು ಮಾಡಿ. ಈಗಿರುವ ತಂತಿಯಲ್ಲೇ ಹೇಗೋ ನಡೆಯುವ ಟ್ಯೂನಿಂಗ್ ಅದೊಂದೇ. ಡ್ರಾಪ್ ಸಿ ಶಾರ್ಪ್ ಆದರೆ ಉಳಿದ ಮೂರೂ ಒಂದು ಫ್ರೆಟ್ ಇಳಿಯುತ್ತವೆ. ಡ್ರಾಪ್ ಸಿಗೆ ಹೊಸ ತಂತಿ, ಹೊಸ ಸೆಟಪ್ ಬೇಕೇ ಬೇಕು. ಅದಕ್ಕಿಂತ ಕೆಳಗೆ ಬಿ, ಎ ಅಂತ ಹೋಗುವುದಾದರೆ ಐದು ತಂತಿಯ ಬೇಸ್ ತೆಗೆದುಕೊಳ್ಳಿ, ಅಥವಾ ನಾಲ್ಕು ತಂತಿಗೆ ಐದು ತಂತಿಯ ಸೆಟ್ಟಿನ ದಪ್ಪ ನಾಲ್ಕನ್ನು ಹಾಕಿ ಬಿ-ಇ-ಎ-ಡಿ ಮಾಡಿಕೊಳ್ಳಿ. ತೆಳು ಜಿ ತಂತಿ ಇಲ್ಲದಿದ್ದರೂ ಹೆವಿ ಸಂಗೀತಕ್ಕೆ ಅಷ್ಟೇನೂ ತೊಂದರೆಯಿಲ್ಲ.

ಹಂತ 3: ತಂತಿ, ಎಲ್ಲಕ್ಕಿಂತ ಮುಖ್ಯ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಡ್ರಾಪ್ ಟ್ಯೂನಿಂಗ್ ಸರಿ ಬರಲಿಲ್ಲ ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ತಂತಿಯಲ್ಲೇ ಇರುತ್ತದೆ.

ಒಂದೇ ತಂತಿ, ಒಂದೇ ಉದ್ದ ಅಂದುಕೊಳ್ಳಿ. ತಂತಿಯ ಬಿಗಿ ಅದರ ಕಂಪನದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಒಂದು ಫ್ರೆಟ್ ಇಳಿಸಿದರೆ ಬಿಗಿ ಸುಮಾರು ಶೇ 11ರಷ್ಟು ಕಡಿಮೆ. ಎರಡು ಇಳಿಸಿದರೆ ಶೇ 21. ನಾಲ್ಕು ಇಳಿಸಿದರೆ ಶೇ 37. ಅಂದರೆ ಮಾಮೂಲಿ ಇ ತಂತಿಯನ್ನು ಸಿವರೆಗೆ ಎಳೆದು ತಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿಗಿ ಹೋಗಿಬಿಟ್ಟಿರುತ್ತದೆ. ಅದು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ.

ಪರಿಹಾರ, ದಪ್ಪ ತಂತಿ. ಬಿಗಿ ಮೊದಲಿನಷ್ಟೇ ಇರಬೇಕಾದರೆ ಕಂಪನ ಎಷ್ಟು ಪಾಲು ಇಳಿಯಿತೋ ದಪ್ಪ ಅಷ್ಟು ಪಾಲು ಏರಬೇಕು. ಲೆಕ್ಕ ಮಾಡಿ ನೋಡಿ. ಇ ಸ್ವರಕ್ಕೆ 105ರ ತಂತಿ ನಿಮ್ಮ ಕೈಗೆ ಒಗ್ಗಿದ್ದರೆ (ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ 105 ಭಾಗ ದಪ್ಪ), ಡಿಗೆ ಬೇಕಾದದ್ದು ಸುಮಾರು 118. ಅಂಗಡಿಯಲ್ಲಿ 118 ಸಿಗುವುದಿಲ್ಲ, 115 ಅಥವಾ 120 ತೆಗೆದುಕೊಳ್ಳಿ. ಸಿಗೆ ಬೇಕಾದದ್ದು ಸುಮಾರು 132, ಅಂದರೆ 130. ಇದೇ ಲೆಕ್ಕದಲ್ಲಿ ಬಿಗೆ 140 ಬೇಕು. ಆದರೆ ಬಹಳಷ್ಟು ಐದು ತಂತಿ ಸೆಟ್ಟುಗಳಲ್ಲಿ ಬಿ ತಂತಿ 130 ಅಥವಾ 125. ಐದು ತಂತಿಯ ಬೇಸ್‌ಗಳ ಬಿ ತಂತಿ ಪುಸುಕು ಅಂತ ಜನ ದೂರುವುದು ಇದಕ್ಕೇ. ಕೆಲವು ಕಂಪನಿಗಳು 34 ಇಂಚಿನ ಬದಲು 35 ಇಂಚಿನ ಸ್ಕೇಲ್ (ಕತ್ತಿನ ತುದಿಯ ನಟ್‌ನಿಂದ ಮೈ ಮೇಲಿನ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) ಕೊಡುವುದೂ ಇದಕ್ಕೇ. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಇದ್ದರೆ ತಂತಿ ಮೊದಲೇ ಸಡಿಲ, ಅದರಲ್ಲಿ ಡ್ರಾಪ್ ಸಿ ಪ್ರಯತ್ನಿಸಬೇಡಿ.

ಕೊಳ್ಳುವ ಬಗ್ಗೆ. ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು 45–100 ಮತ್ತು 45–105 ಸೆಟ್ಟುಗಳು. ಡ್ರಾಪ್ ಡಿಗೆ 45–100 ಸಾಲದು. 50–105 ಸೆಟ್ ಸ್ವಲ್ಪ ವಾಸಿ. ಡಡಾರಿಯೋದ ಬ್ಯಾಲೆನ್ಸ್‌ಡ್ ಟೆನ್ಷನ್ ಸೆಟ್ ಒಂದಿದೆ, 50-67-90-120. ಅದರ 120 ಡ್ರಾಪ್ ಡಿಗೆ ಹೇಳಿ ಮಾಡಿಸಿದ ಹಾಗಿದೆ. ಅದು ಸಿಗದಿದ್ದರೆ ಮಾಮೂಲಿ ಸೆಟ್ ಹಾಕಿ, ದಪ್ಪ ತಂತಿ ಮಾತ್ರ ಬಿಡಿಯಾಗಿ ಆನ್‌ಲೈನಿನಲ್ಲಿ ತರಿಸಿ. ಡ್ರಾಪ್ ಸಿಗೆ ನಾನು ಶಿಫಾರಸು ಮಾಡುವುದು 130, 95, 75, 50ರ ಆಸುಪಾಸು.

ತಂತಿ ಹಾಕುವಾಗ ಒಂದು ಎಚ್ಚರ. ಬಿರಡೆಯ ಕಂಬ ದಾಟಿ ನಾಲ್ಕೈದು ಇಂಚು ಬಿಟ್ಟು, ಮೊದಲು ತಂತಿಯನ್ನು ಲಂಬವಾಗಿ ಮಡಚಿ, ಆಮೇಲೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಒಳಗಿನ ಎಳೆಯ ಮೇಲಿನ ಸುತ್ತು ಬಿಚ್ಚಿಕೊಂಡು ಹೊಸ ತಂತಿ ಮೊದಲ ದಿನವೇ ಸತ್ತ ಸದ್ದು ಕೊಡುತ್ತದೆ. ಕಂಬಕ್ಕೆ ಎರಡು ಮೂರು ಸುತ್ತು ಸಾಕು, ಸುತ್ತು ಮೇಲಿನಿಂದ ಕೆಳಗೆ ಇಳಿಯಲಿ.

ಕರಾವಳಿಯಲ್ಲಿ ಇರುವವರಿಗೆ ಗೊತ್ತೇ ಇರುತ್ತದೆ, ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಲೇಪನ ಇರುವ ತಂತಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ.

ಹಂತ 4: ಶ್ರುತಿ ಕೂಡಿಸುವುದು

ಮೊದಲ ನಿಯಮ: ಮೇಲಿನಿಂದ ಇಳಿದು ಡಿಗೆ ಬಂದು ನಿಲ್ಲಬೇಡಿ. ಡಿ ದಾಟಿ ಸ್ವಲ್ಪ ಕೆಳಗೆ ಹೋಗಿ. ತಂತಿಯನ್ನು ಹನ್ನೆರಡನೇ ಫ್ರೆಟ್ ಹತ್ತಿರ ಹಿಡಿದು ಮೆಲ್ಲಗೆ ಎರಡು ಸಲ ಎಳೆಯಿರಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಬಂದು ಡಿ ಹಿಡಿಯಿರಿ. ಹೀಗೆ ಮಾಡಿದರೆ ಬಿರಡೆಯ ಹಲ್ಲು ಬಿಗಿಯಾಗಿ ಕೂರುತ್ತದೆ, ನಟ್‌ನ ಕಚ್ಚಿನಲ್ಲಿ ತಂತಿ ಸಿಕ್ಕಿಕೊಂಡಿದ್ದರೂ ಬಿಟ್ಟುಕೊಳ್ಳುತ್ತದೆ. ರಿಹರ್ಸಲ್‌ನಲ್ಲಿ ನನ್ನ ಶ್ರುತಿ ಜಾರಿದ್ದು ಇದನ್ನು ಮಾಡದೆ ಹೋದದ್ದಕ್ಕೆ.

36 ಹರ್ಟ್ಜ್ ಹತ್ತಿರ ಕ್ಲಿಪ್ ಟ್ಯೂನರಿಗೂ ಫೋನಿನ ಆ್ಯಪಿಗೂ ಸ್ವರ ಸಿಗದೆ ಮುಳ್ಳು ಕುಣಿಯುತ್ತದೆ. ಆಗ ಹನ್ನೆರಡನೇ ಫ್ರೆಟ್ ಮೇಲೆ ಬೆರಳನ್ನು ಒತ್ತದೆ ಸುಮ್ನೆ ಸೋಕಿಸಿ ಹಾರ್ಮೋನಿಕ್ ನುಡಿಸಿ. ಅದು ಒಂದು ಸ್ಥಾಯಿ ಮೇಲಿನ ಡಿ, ಟ್ಯೂನರ್ ತಕ್ಷಣ ಹಿಡಿಯುತ್ತದೆ. ಮೆಲ್ಲಗೆ ಮೀಟಿ. ಸಡಿಲ ತಂತಿಯನ್ನು ಜೋರಾಗಿ ಮೀಟಿದರೆ ಮೊದಲ ಕ್ಷಣ ಸ್ವರ ಏರಿ ಆಮೇಲೆ ಇಳಿಯುತ್ತದೆ, ಟ್ಯೂನರಿಗೂ ನಿಮಗೂ ಗೊಂದಲ.

ಟ್ಯೂನರ್ ಇಲ್ಲದೆ ಕಿವಿಯಿಂದ ಕೂಡಿಸುವುದು ಇನ್ನೂ ಚಂದ. ದಪ್ಪ ತಂತಿಯ ಹನ್ನೆರಡನೇ ಫ್ರೆಟ್ ಹಾರ್ಮೋನಿಕ್ ಮತ್ತು ತೆರೆದ ಡಿ ತಂತಿ, ಎರಡನ್ನೂ ಒಟ್ಟಿಗೆ ಮೊಳಗಿಸಿ. ಹೊಂದದಿದ್ದರೆ ವಾಂವ್ ವಾಂವ್ ವಾಂವ್ ಅಂತ ಸದ್ದು ತೂಗುತ್ತದೆ. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ. ತೂಗಾಟ ನಿಧಾನವಾಗುತ್ತದೆ. ವಾಂ...ವ್, ವಾಂ......ವ್. ಇನ್ನೊಂದು ಕೂದಲೆಳೆ. ತೂಗಾಟ ನಿಂತು ಎರಡು ಸದ್ದು ಒಂದೇ ಗೆರೆಯಾಗುತ್ತದೆ. ಬೇಸಿನ ಮರವನ್ನು ಪಕ್ಕೆಲುಬಿಗೆ ಒತ್ತಿ ಹಿಡಿದಿದ್ದರೆ ಆ ಕ್ಷಣ ಮೈಗೇ ಗೊತ್ತಾಗುತ್ತದೆ. ತಂಬೂರಿ ಶ್ರುತಿ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಕೊನೆಗೆ ಉಳಿದ ಮೂರು ತಂತಿಗಳನ್ನೂ ಒಮ್ಮೆ ನೋಡಿ. ಒಂದು ತಂತಿಯ ಬಿಗಿ ಕಡಿಮೆಯಾದರೆ ಕತ್ತು ಚೂರು ಹಿಂದಕ್ಕೆ ಹೋಗಿ ಉಳಿದವು ತುಸು ಏರಿರುತ್ತವೆ.

ಹಂತ 5: ಸೆಟಪ್

ಮೊದಲು ನಟ್ ನೋಡಿ. 120ರ ತಂತಿ 105ಕ್ಕೆ ಕೊರೆದ ಕಚ್ಚಿನಲ್ಲಿ ಕೂರದೆ ಮೇಲೆಯೇ ನಿಂತರೆ ಮೊದಲ ಫ್ರೆಟ್ಟುಗಳಲ್ಲಿ ಸ್ವರ ಏರುತ್ತದೆ. ಕಚ್ಚು ಅಗಲ ಮಾಡಬೇಕು, ಆಳ ಮಾಡಬಾರದು. ಅರ ಹಿಡಿದು ಅಭ್ಯಾಸವಿಲ್ಲದಿದ್ದರೆ ರಿಪೇರಿಯವರ ಹತ್ತಿರ ಮಾಡಿಸಿ, ಆಳ ಜಾಸ್ತಿಯಾದರೆ ನಟ್ಟನ್ನೇ ಬದಲಿಸಬೇಕಾಗುತ್ತದೆ. ಕಚ್ಚಿಗೆ ಪೆನ್ಸಿಲ್ ಸೀಸ ಸ್ವಲ್ಪ ಉಜ್ಜಿ, ತಂತಿ ಸಲೀಸಾಗಿ ಜಾರುತ್ತದೆ.

ಆಮೇಲೆ ಕತ್ತು. ದಪ್ಪ ತಂತಿ ಹಾಕಿ ಬಿಗಿ ಸರಿದೂಗಿಸಿದ್ದರೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಹಳೆಯ ತಂತಿಗಳನ್ನೇ ಎಲ್ಲ ಇಳಿಸಿದ್ದರೆ ಕತ್ತನ್ನು ಮುಂದಕ್ಕೆ ಎಳೆಯುವ ಬಲ ಕಡಿಮೆಯಾಗಿ ಅದು ತೀರಾ ನೆಟ್ಟಗಾಗುತ್ತದೆ, ಮೊದಲ ಐದು ಫ್ರೆಟ್ಟುಗಳಲ್ಲಿ ತಂತಿ ಬಡಿಯುತ್ತದೆ. ಪರೀಕ್ಷೆ ಹೀಗೆ: ಒಂದನೇ ಫ್ರೆಟ್ಟಿನಲ್ಲೂ ಕತ್ತು ಮೈಗೆ ಸೇರುವ ಕಡೆಯ ಫ್ರೆಟ್ಟಿನಲ್ಲೂ ತಂತಿ ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವಿನ ಸಂದು ನೋಡಿ. 0.3 ಮಿ.ಮೀ. ಆಸುಪಾಸು ಇರಬೇಕು. ದಪ್ಪ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರಿದರೆ ಸಾಕು. ಸಂದು ಇಲ್ಲವೇ ಇಲ್ಲ ಅಂದರೆ ಟ್ರಸ್ ರಾಡನ್ನು (ಕತ್ತಿನ ಒಳಗಿರುವ ಲೋಹದ ಸಲಾಕೆ) ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಮರುದಿನ ಬೆಳಗ್ಗೆ ನೋಡಿ. ಮರ ನಿಧಾನ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ, ರಾಡ್ ತಿರುಗದಿದ್ದರೆ ಬಲವಂತವಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಕತ್ತು ತಾನಾಗಿಯೇ ಸ್ವಲ್ಪ ಬಾಗುತ್ತದೆ, ಹಾಗಾಗಿ ಜೂನ್‌ನಲ್ಲಿ ಒಮ್ಮೆ, ಚಳಿ ಮುಗಿದ ಮೇಲೆ ಒಮ್ಮೆ ನೋಡುವುದು ಒಳ್ಳೆಯದು.

ತಂತಿಯ ಎತ್ತರ. ಮಾಮೂಲಿ ಬೇಸಿನಲ್ಲಿ ಹದಿನೇಳನೇ ಫ್ರೆಟ್ ಹತ್ತಿರ ದಪ್ಪ ತಂತಿ 2.4 ಮಿ.ಮೀ. ಎತ್ತರದಲ್ಲಿದ್ದರೆ, ಇಳಿಸಿದ ತಂತಿಗೆ 2.8ರವರೆಗೂ ಎತ್ತಿ. ಸಡಿಲ ತಂತಿ ಅಗಲವಾಗಿ ತೂಗುತ್ತದೆ, ಅದಕ್ಕೆ ಜಾಗ ಬೇಕು. ಇದೇ ಕಾರಣಕ್ಕೆ ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ದಪ್ಪ ತಂತಿಯ ಬದಿಯನ್ನು ಚೂರು ಇಳಿಸಿ.

ಕೊನೆಗೆ ಇಂಟೊನೇಶನ್. ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್, ಅಲ್ಲೇ ಒತ್ತಿ ನುಡಿಸಿದ ಸ್ವರ, ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲನ್ನು ಕತ್ತಿನಿಂದ ದೂರಕ್ಕೆ, ಇಳಿದಿದ್ದರೆ ಹತ್ತಿರಕ್ಕೆ ಸರಿಸಿ. ಇಳಿಸಿದ ತಂತಿಯಲ್ಲಿ ಸಾಮಾನ್ಯವಾಗಿ ದೂರಕ್ಕೇ ಸರಿಸಬೇಕಾಗುತ್ತದೆ.

ಹಂತ 6: ಬಲಗೈ

ತಂತಿ ಸಡಿಲವಾಯಿತು ಅಂತ ಇನ್ನೂ ಜೋರಾಗಿ ಬಾರಿಸುವುದು ಸಹಜ. ಮಾಡಬೇಕಾದದ್ದು ಅದಕ್ಕೆ ತಿರುಗು ಮುರುಗು. ಮೆಲ್ಲಗೆ ಮೀಟಿ, ಆಂಪಿನ ವಾಲ್ಯೂಮ್ ಏರಿಸಿ. ಕೈಯನ್ನು ಬ್ರಿಡ್ಜ್ ಕಡೆಗೆ ಎರಡು ಬೆರಳಿನಷ್ಟು ಸರಿಸಿ. ಅಲ್ಲಿ ತಂತಿ ಗಟ್ಟಿಯಾಗಿ ಸಿಗುತ್ತದೆ, ಸ್ವರದ ಅಂಚೂ ಚೂಪಾಗಿ ಬರುತ್ತದೆ. ಹೆವಿ ರಿಫ್‌ಗಳಿಗೆ ಪಿಕ್ ಬಳಸಿ ನೋಡಿ. ಬೇಸಿಗೆ ಪಿಕ್ ಕೀಳು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಇಳಿಸಿದ ತಂತಿಯಲ್ಲಿ ಪಿಕ್ ಕೊಡುವ ಸ್ಪಷ್ಟತೆ ಬೆರಳಿಗೆ ಕಷ್ಟ.

ಇನ್ನೊಂದು ಮುಖ್ಯ ವಿಷಯ, ಸದ್ದು ಅಡಗಿಸುವುದು. ಕೆಳಗಿನ ಡಿ ಈಗ ಮೇಲಿನ ಡಿ, ಎ ಸ್ವರಗಳಿಗೆ ತಾನಾಗಿಯೇ ಮಿಡಿಯುತ್ತದೆ. ನೀವು ಜಿ ತಂತಿಯಲ್ಲಿ ಡಿ ನುಡಿಸಿದರೂ ಕೆಳಗೆ ಗುಂಯ್ ಅಂತ ಇರುತ್ತದೆ. ಬಲಗೈ ಹೆಬ್ಬೆರಳನ್ನು ಪಿಕಪ್ ಮೇಲೆ ಊರಿ ಇಡುವ ಬದಲು ದಪ್ಪ ತಂತಿಯ ಮೇಲೆಯೇ ಒರಗಿಸಿ. ಕೈ ಮೇಲಿನ ತಂತಿಗೆ ಹೋದ ಹಾಗೆ ಹೆಬ್ಬೆರಳೂ ಜೊತೆಗೆ ಸರಿಯಲಿ. ಡ್ರಾಪ್ ಟ್ಯೂನಿಂಗ್ ಎಂದರೆ ಕೆಸರು ಸದ್ದು ಅನ್ನುವ ಹೆಸರು ಬಂದಿರುವುದಕ್ಕೆ ಅರ್ಧ ಕಾರಣ ಈ ಹೆಬ್ಬೆರಳು.

ಹಂತ 7: ಎಡಗೈಗೆ ಹೊಸ ನಕ್ಷೆ

ದಪ್ಪ ತಂತಿಯ ಎಲ್ಲ ಸ್ವರಗಳೂ ಎರಡು ಫ್ರೆಟ್ ಮುಂದಕ್ಕೆ ಹೋಗಿವೆ. ಇ ಈಗ ಎರಡನೇ ಫ್ರೆಟ್ಟಿನಲ್ಲಿ, ಎಫ್ ಮೂರರಲ್ಲಿ, ಜಿ ಐದರಲ್ಲಿ, ಎ ಏಳರಲ್ಲಿ. ಉಳಿದ ಮೂರು ತಂತಿ ಮೊದಲಿನ ಹಾಗೇ. ಹಾಡಿನ ನಡುವೆ ಕೈ ಹಳೆಯ ಜಿ ಹುಡುಕಿಕೊಂಡು ಮೂರನೇ ಫ್ರೆಟ್ಟಿಗೆ ಹೋಗುವುದು ಎಲ್ಲರಿಗೂ ಆಗುತ್ತದೆ.

ಲಾಭವೂ ಇದೆ. ಮೂಲ ಸ್ವರದ ಪಂಚಮ ಈಗ ಪಕ್ಕದ ತಂತಿಯಲ್ಲಿ ಅದೇ ಫ್ರೆಟ್ಟಿನಲ್ಲಿ. ಅದರ ಪಕ್ಕದ ತಂತಿಯಲ್ಲಿ, ಅದೇ ಫ್ರೆಟ್ಟಿನಲ್ಲಿ, ಮೇಲಿನ ಸ್ಥಾಯಿಯ ಮೂಲ ಸ್ವರ. ಒಂದೇ ಬೆರಳು ಅಡ್ಡಕ್ಕೆ ಮಲಗಿಸಿದರೆ ಮೂರೂ ಸಿಗುತ್ತವೆ, ಆ ಬೆರಳನ್ನು ಹಾಗೇ ಜಾರಿಸಿಕೊಂಡು ಹೋದರೆ ರಿಫ್. ನಷ್ಟವೆಂದರೆ, ಮೇಜರ್ ಮೂರನೇ ಸ್ವರ ಮೊದಲು ಪಕ್ಕದ ತಂತಿಯಲ್ಲಿ ಒಂದು ಫ್ರೆಟ್ ಹಿಂದೆ ಸಿಗುತ್ತಿತ್ತು, ಈಗ ಮೂರು ಫ್ರೆಟ್ ಹಿಂದೆ. ದಪ್ಪ ತಂತಿಯಿಂದ ಶುರುವಾಗುವ ನಿಮ್ಮ ಹಳೆಯ ಸ್ಕೇಲ್ ಅಚ್ಚುಗಳೆಲ್ಲ ಮುರಿದವು. ವಾಕಿಂಗ್ ಬೇಸ್, ಜ್ಯಾಝ್ ನುಡಿಸುವವರು ಡ್ರಾಪ್‌ಗೆ ಮೂಗು ಮುರಿಯುವುದು ಇದಕ್ಕೇ, ಅವರ ಮಾತು ನ್ಯಾಯವೇ.

ಅಭ್ಯಾಸ ಹೀಗೆ ಮಾಡಿ. ಮೊದಲ ಎರಡು ದಿನ ದಪ್ಪ ತಂತಿ ಬಿಟ್ಟು ಬೇರೆ ಮುಟ್ಟಬೇಡಿ. ಮೆಟ್ರೊನೋಮ್ 60ಕ್ಕೆ ಇಟ್ಟು, ಸ್ವರದ ಹೆಸರನ್ನು ಬಾಯಲ್ಲಿ ಹೇಳುತ್ತಾ ತೆರೆದ ತಂತಿಯಿಂದ ಹನ್ನೆರಡನೇ ಫ್ರೆಟ್‌ವರೆಗೆ ಹೋಗಿ ಬನ್ನಿ. ಆಮೇಲೆ ನಿಮಗೆ ಚೆನ್ನಾಗಿ ಬರುವ ಮಾಮೂಲಿ ಟ್ಯೂನಿಂಗಿನ ಎರಡು ಹಾಡುಗಳನ್ನು ಡ್ರಾಪ್ ಡಿಯಲ್ಲೇ ನುಡಿಸಿ. ಕಷ್ಟ ಆಗುತ್ತದೆ, ಆದರೆ ನಕ್ಷೆ ತಲೆಗೆ ಇಳಿಯುವುದು ಹೀಗೇ. ವೇದಿಕೆಯ ಮೇಲೆ ಹಾಡಿನ ನಡುವೆ ಟ್ಯೂನಿಂಗ್ ಬದಲಿಸಲು ಆಗದೇ ಹೋದಾಗ ಇದು ಕೈ ಹಿಡಿಯುತ್ತದೆ.

ಸಾ-ಪಾ-ಸಾ

ಇದು ನಮ್ಮ ಕಡೆಯ ಬೇಸಿಸ್ಟುಗಳಿಗೆ ವಿಶೇಷವಾಗಿ ಹೇಳಬೇಕು ಅನಿಸುತ್ತದೆ. ಡ್ರಾಪ್ ಡಿಯಲ್ಲಿ ದಪ್ಪ ಮೂರು ತಂತಿಗಳನ್ನು ತೆರೆದು ನುಡಿಸಿ: ಡಿ, ಎ, ಡಿ. ಡಿ ಶ್ರುತಿಯ ಗಾಯಕರಿಗೆ ಅದು ಸಾ-ಪಾ-ಸಾ. ಜಿ ತಂತಿ ಶುದ್ಧ ಮಧ್ಯಮ. ಬೇಸ್ ಕೈಯಲ್ಲೊಂದು ತಂಬೂರಿ ಆಗಿಬಿಡುತ್ತದೆ. ವಚನ, ದಾಸರ ಪದ, ಭಾವಗೀತೆಗಳನ್ನು ಬ್ಯಾಂಡ್ ಜೊತೆ ಹಾಡುವಾಗ ಆಧಾರ ಷಡ್ಜ ಅಷ್ಟು ಕೆಳಗಿನಿಂದ ಎದ್ದು ಬಂದರೆ ಇಡೀ ಹಾಡಿಗೆ ನೆಲ ಸಿಕ್ಕಿದ ಹಾಗಿರುತ್ತದೆ. ಗಾಯಕರ ಶ್ರುತಿ ಸಿ ಶಾರ್ಪ್ ಆದರೆ ಎಲ್ಲವನ್ನೂ ಒಂದು ಫ್ರೆಟ್ ಇಳಿಸಿ ಡ್ರಾಪ್ ಸಿ ಶಾರ್ಪ್ ಮಾಡಿ, ಬೆರಳುಗಳು ಅಲ್ಲೇ ಇರುತ್ತವೆ.

ಮೋಹನ ನುಡಿಸಿ ನೋಡಿ. ದಪ್ಪ ತಂತಿಯಲ್ಲಿ ತೆರೆದದ್ದು, ಎರಡು, ನಾಲ್ಕು. ಎ ತಂತಿಯಲ್ಲಿ ತೆರೆದದ್ದು, ಎರಡು. ಡಿ ತಂತಿ ತೆರೆದದ್ದು. ಸ ರಿ ಗ ಪ ದ ಸ, ಕೈ ಜಾಗ ಬಿಟ್ಟು ಅಲುಗಲೇ ಇಲ್ಲ ಅಲ್ವಾ? ಹಿಂದೋಳಕ್ಕೆ ದಪ್ಪ ತಂತಿಯಲ್ಲಿ ತೆರೆದದ್ದು, ಮೂರು, ಐದು, ಎ ತಂತಿಯಲ್ಲಿ ಒಂದು, ಮೂರು, ಆಮೇಲೆ ತೆರೆದ ಡಿ. ಆದರೆ ಹಿಂದೋಳದಲ್ಲಿ ಪಂಚಮ ಇಲ್ಲ. ತೆರೆದ ಎ ತಂತಿ ಚೂರು ಮಿಡಿದರೂ ರಾಗ ಕೆಡುತ್ತದೆ, ಅದರ ಮೇಲೆ ಒಂದು ಬೆರಳು ಸದಾ ಒರಗಿರಲಿ.

ಹಂತ 8: ಆಂಪ್ ಮತ್ತು ರೆಕಾರ್ಡಿಂಗ್

ಕೆಳಗಿನ ಸ್ವರ ಕೇಳುತ್ತಿಲ್ಲ ಅಂತ ಬೇಸ್ ನಾಬ್ ಏರಿಸುತ್ತಾ ಹೋಗುವುದು ದೊಡ್ಡ ತಪ್ಪು. ಬೇಸ್ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಿನವು 60 ಹರ್ಟ್ಜ್ ಸುತ್ತಮುತ್ತಲಿಂದಲೇ ಕೈ ಬಿಡುತ್ತಾ ಬರುತ್ತವೆ. 37 ಹರ್ಟ್ಜ್ ಅಲ್ಲಿ ಹೆಚ್ಚು ಇರುವುದೇ ಇಲ್ಲ. ಫೋನಿನ ಸ್ಪೀಕರಿನಲ್ಲಂತೂ ಪೂರ್ತಿ ಇಲ್ಲ. ಆದರೂ ನಮಗೆ ಆ ಸ್ವರ ಕೇಳುತ್ತದೆ. ಯಾಕೆಂದರೆ ಅದರ ಮೇಲಿನ ಪದರಗಳಾದ 73, 110, 147 ಹರ್ಟ್ಜ್ ಕೇಳಿಸಿದರೆ ಸಾಕು, ಕೆಳಗಿನದನ್ನು ಮೆದುಳೇ ತುಂಬಿಕೊಳ್ಳುತ್ತದೆ.

ಹಾಗಾಗಿ 30–35ರ ಕೆಳಗೆ ಹೈಪಾಸ್ ಫಿಲ್ಟರ್ ಹಾಕಿ ಕತ್ತರಿಸಿ. ಅಲ್ಲಿ ಇರುವುದು ಸ್ಪೀಕರಿನ ಕೋನ್ ಅಲುಗಾಡಿಸುವ ಗಾಳಿ ಮಾತ್ರ. 80ರಿಂದ 150ರವರೆಗೆ ಸ್ವಲ್ಪ ಏರಿಸಿ. 200–300ರ ಹತ್ತಿರ ಕೆಸರು ಕೂರುತ್ತದೆ, ಅಲ್ಲಿ ಸ್ವಲ್ಪ ಇಳಿಸಿ. 700–1000ರ ನಡುವೆ ಏರಿಸಿದರೆ ಸ್ವರದ ಗುರುತು ಸಿಗುತ್ತದೆ. ಸದ್ದನ್ನು ಒರಟಾಗಿಸುವ ಡ್ರೈವ್ ಪೆಡಲ್ ತುಸು ಹಾಕಿದರೆ ಮೇಲಿನ ಪದರಗಳು ಇನ್ನೂ ಜಾಸ್ತಿ, ಸಣ್ಣ ಸ್ಪೀಕರಿನಲ್ಲೂ ಬೇಸ್ ಕಾಣಿಸಿಕೊಳ್ಳುತ್ತದೆ. ಕಲ್ಯಾಣ ಮಂಟಪದಂತಹ ಗೋಡೆ ಬರಿದಾದ ದೊಡ್ಡ ಹಾಲಿನಲ್ಲಿ ಬೇಸ್ ನಾಬನ್ನು ಮನೆಯಲ್ಲಿ ಇಟ್ಟದ್ದಕ್ಕಿಂತ ಕೆಳಗೇ ಇಡಿ. ಡ್ರಮ್ಮರಿನ ಕಿಕ್ ಜೊತೆ ಹೊಡೆದಾಡದ ಹಾಗೆ ಇಬ್ಬರೇ ಕೂತು ಐದು ನಿಮಿಷ ನುಡಿಸಿ ನೋಡಿ.

ಹಂತ 9: ವೇದಿಕೆಯ ಮೇಲೆ

ಹಾಡಿನ ಪಟ್ಟಿ ಬರೆಯುವಾಗಲೇ ಡ್ರಾಪ್ ಹಾಡುಗಳನ್ನು ಒಟ್ಟಿಗೆ ಹಾಕಿಸಿ. ಒಂದು ಮೇಲೆ ಒಂದು ಕೆಳಗೆ ಅಂತ ಇದ್ದರೆ ಪ್ರತಿ ಸಲ ಜನರ ಮುಂದೆ ಬಿರಡೆ ತಿರುಗಿಸುತ್ತಾ ನಿಲ್ಲಬೇಕು. ಸದ್ದು ಮ್ಯೂಟ್ ಮಾಡುವ ಪೆಡಲ್ ಟ್ಯೂನರ್ ಇರಲೇಬೇಕು.

ಬದಲಾವಣೆ ಜಾಸ್ತಿ ಇದ್ದರೆ ಡಿ-ಟ್ಯೂನರ್ ಹಾಕಿಸಿ. ಹಿಪ್‌ಶಾಟ್ ಕಂಪನಿಯ ಎಕ್ಸ್‌ಟೆಂಡರ್ ಹೆಸರಾದದ್ದು, ದಪ್ಪ ತಂತಿಯ ಬಿರಡೆಯ ಜಾಗದಲ್ಲಿ ಕೂರುತ್ತದೆ. ಒಂದು ಲೀವರ್ ತಿರುಗಿಸಿದರೆ ಇ ಇಂದ ಡಿಗೆ, ಮತ್ತೆ ತಿರುಗಿಸಿದರೆ ವಾಪಸ್. ಬೇಸಿಸ್ಟ್ ಬಿಲ್ಲಿ ಶೀಹನ್ ಇಂಥದ್ದನ್ನು ಹಾಡಿನ ನಡುವೆಯೇ ಬಳಸುತ್ತಾರೆ. ಹೊಸ ತಂತಿ ಚೆನ್ನಾಗಿ ಎಳೆದು ಪಳಗಿಸಿದ ಮೇಲೆಯೇ ಅದರ ತಿರುಪು ಸರಿಪಡಿಸಿ, ಇಲ್ಲದಿದ್ದರೆ ವಾಪಸ್ ಬರುವಾಗ ಇ ತಪ್ಪುತ್ತದೆ. ಸ್ವರ ಇಳಿಸುವ ಡಿಜಿಟೆಕ್ ಡ್ರಾಪ್‌ನಂತಹ ಪೆಡಲ್‌ಗಳೂ ಇವೆ. ರಿಹರ್ಸಲ್‌ಗೆ ಪರವಾಗಿಲ್ಲ. ಆದರೆ ಬೇಸಿನ ಕೆಳ ಸ್ವರಗಳಲ್ಲಿ ಬೆರಳಿಗೂ ಸದ್ದಿಗೂ ನಡುವೆ ಚೂರು ತಡ ಆಗುವುದು ನನ್ನ ಕೈಗೆ ಗೊತ್ತಾಗುತ್ತದೆ, ವೇದಿಕೆಯಲ್ಲಿ ನಾನು ಬಳಸುವುದಿಲ್ಲ. ಎರಡು ಬೇಸ್ ಇದ್ದರೆ ಒಂದನ್ನು ಸದಾ ಡ್ರಾಪ್‌ನಲ್ಲೇ ಬಿಡಿ, ಕತ್ತಿಗೆ ಏನೂ ಆಗುವುದಿಲ್ಲ. ಪದೇ ಪದೇ ಏರಿಸಿ ಇಳಿಸುವುದಕ್ಕಿಂತ ಅದು ಎಷ್ಟೋ ಮೇಲು.

ಕಾರ್ಯಕ್ರಮಕ್ಕೆ ಹೊರಡುವಾಗ 120ರ ಒಂದು ಬಿಡಿ ತಂತಿ, ಕಟಿಂಗ್ ಪ್ಲೇಯರ್, ನಿಮ್ಮ ಟ್ರಸ್ ರಾಡಿಗೆ ಸರಿಹೊಂದುವ ಅಲೆನ್ ಕೀ, ಮೂರೂ ಕೇಸಿನಲ್ಲಿ ಇರಲಿ. ಊರು ಬದಲಾದರೆ, ವೇದಿಕೆಯ ದೀಪದ ಬಿಸಿ ತಗುಲಿದರೆ ಶ್ರುತಿ ಅಲುಗುತ್ತದೆ. ಸೌಂಡ್ ಚೆಕ್ ಆದ ಮೇಲೆ ಒಮ್ಮೆ, ನುಡಿಸಲು ಹತ್ತುವ ಐದು ನಿಮಿಷ ಮುಂಚೆ ಇನ್ನೊಮ್ಮೆ ಆ ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ ಕೇಳಿಸಿಕೊಳ್ಳಿ.